ಮಾಡಿಗೆ ಕಟ್ಟಿದ ಸೌತೆಕಾಯಿ

ದುಬೈಯಿಂದ ರಜೆಗೆ ಬಂದ ನನ್ನ ಸೋದರಳಿಯ ಈ ಸಲ ಚಾಕಲೇಟಿನ ಜೊತೆಗೆ ಒಂದು ಹಾಯಿದೋಣಿಯನ್ನೂ ತಂದಿದ್ದ. ದೋಣಿ ಇದ್ದದ್ದು ಅವನ ಫೋನಿನಲ್ಲಿ. ನಲವತ್ತು ಅಡಿ ಉದ್ದ, ಬಿಳಿ ಮೈ, ಒಳಗೆ ಎರಡು ಕೋಣೆ, ನಮ್ಮ ದೇವರ ಗೂಡಿನಷ್ಟು ಜಾಗದಲ್ಲಿ ಒಂದು ಅಡುಗೆಮನೆ. ಕೆಲಸ ಬಿಟ್ಟು, ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಎರಡು ವರ್ಷ ಅದರಲ್ಲೇ ಇರುವ ಯೋಚನೆ. ಓಡಲು ಗಾಳಿ, ದೀಪಕ್ಕೆ ಬಿಸಿಲು, ಊಟಕ್ಕೆ ಕಡಲು. “ಭೂಮಿಗೆ ಭಾರ ಆಗದ ಹಾಗೆ ಬದುಕಬೇಕು ಮಾವ” ಎಂದ. ಹಾಗೆನ್ನುತ್ತಲೇ ನಾಲ್ಕನೆಯ ಬಂಗುಡೆಗೆ ಕೈ ಹಾಕಿದ.

ನಾನು ಬಿರುಗಾಳಿಯ ಬಗ್ಗೆ ಕೇಳಬೇಕೆಂದಿದ್ದೆ. ನನ್ನ ಹೆಂಡತಿ ಮುಂದೆ ಬಿದ್ದಳು. “ಅಲ್ಲಿ ಕುಚ್ಚಲಕ್ಕಿ ಬೇಯುತ್ತದಾ ಮಾರಾಯ?”

ಅವನು ನಕ್ಕ. ಆದರೆ ಅದು ನಗುವ ಪ್ರಶ್ನೆಯಲ್ಲ. ಬೆಳ್ತಿಗೆ ಅಕ್ಕಿಯ ಹಾಗೆ ಕುಚ್ಚಲಕ್ಕಿ ಹತ್ತು ಹದಿನೈದು ನಿಮಿಷಕ್ಕೆ ಬಗ್ಗುವಂಥದ್ದಲ್ಲ, ಒಲೆಯ ಮೇಲೆ ಮುಕ್ಕಾಲು ಗಂಟೆ ಕುಣಿಯಬೇಕು. ದೋಣಿಯಲ್ಲಿ ಗ್ಯಾಸು ಎಷ್ಟಿರುತ್ತದೆ? ಇದ್ದರೂ ಅದನ್ನು ನಂಬುವ ಹಾಗಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹಾಕಬಹುದು. ದೋಣಿಯಲ್ಲಿ ಅದು ಇಳಿದು ಅಡಿಯ ಗುಂಡಿಯಲ್ಲಿ ಮಲಗಿ ಕಿಡಿಗಾಗಿ ಕಾಯುತ್ತದೆ. ಈ ಎಲ್ಲವನ್ನೂ ಅವನು ಓದಿಕೊಂಡಿದ್ದ. ಅಲ್ಲಿಯ ಒಲೆ ತೊಟ್ಟಿಲಿನ ಹಾಗೆ ತೂಗುತ್ತದಂತೆ, ದೋಣಿ ಎಷ್ಟು ವಾಲಿದರೂ ಪಾತ್ರೆ ನೆಟ್ಟಗೇ ಇರುತ್ತದಂತೆ. ಅಕ್ಕಿಯನ್ನು ಒಂದು ಕುದಿ ಬರಿಸಿ ಬಿಸಿ ಹಿಡಿದಿಡುವ ಡಬ್ಬಿಯಲ್ಲಿ ಮುಚ್ಚಿಟ್ಟರೆ ತನ್ನಷ್ಟಕ್ಕೇ ಬೇಯುತ್ತದಂತೆ. “ನಮ್ಮಜ್ಜಿ ಗಂಜಿಯ ಪಾತ್ರೆಯನ್ನು ಬೈಹುಲ್ಲಿನಲ್ಲಿ ಹುಗಿದು ಗದ್ದೆಗೆ ಹೋಗುತ್ತಿದ್ದರು. ಅದಕ್ಕೆ ಯಾರೂ ಡಾಲರ್ ಕೊಡಲಿಲ್ಲ” ಎಂದಳು ಇವಳು.

ಆಮೇಲೆ ನೀರಿನ ವಿಷಯ ಬಂತು. ಸಿಹಿನೀರು ಉಳಿಸಲು ಒಂದು ಪಾಲು ಕಡಲ ನೀರಿಗೆ ಮೂರು ಪಾಲು ಸಿಹಿನೀರು ಬೆರೆಸಿ ಅನ್ನ ಮಾಡಬಹುದು ಎಂದ. ಕಡಲ ನೀರಿನ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಲೆಕ್ಕ ಸರಿಯಾಗಿಯೇ ಇತ್ತು. “ಮತ್ತೆ ಗಂಜಿ ತಿಳಿ ಕುಡಿಯುವುದು ಹೇಗೆ?” ಎಂದಳು. ಅವನ ಹತ್ತಿರ ಉತ್ತರ ಇರಲಿಲ್ಲ. ಆ ಅಡುಗೆ ಕಲಿಸಿದವರು ಗಂಜಿ ಕುಡಿಯುವ ಪೈಕಿ ಅಲ್ಲ.

ಬೇರೆ ದಾರಿ ಕಾಣದೆ ಅವನು ‘ತಾರಿಣಿ’ಯನ್ನು ಎಳೆದು ತಂದ. ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಆ ಹಾಯಿಹಡಗಿನಲ್ಲಿ ಹೊರಟು, ಭೂಮಿಗೆ ಒಂದು ಸುತ್ತು ಬಂದು, 2018ರ ಮೇ 21ರಂದು ಮರಳಿದರು. ಒಟ್ಟು 254 ದಿನ. “ಬರೀ ಐವತ್ತೈದು ಅಡಿಯ ಹಡಗು ಅತ್ತೆ!” ಇವಳು ಹುಬ್ಬೇರಿಸಿ ಮೆಚ್ಚಿದಳು. ಒಂದು ಕ್ಷಣ ಬಿಟ್ಟು, “ಅವರೊಟ್ಟಿಗೆ ಆರು ವರ್ಷದ ಮಗು ಇತ್ತಾ?” ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1901ರಿಂದ ಬಂಡೆಯ ಮೇಲೆ ನಿಂತಿರುವ ನಮ್ಮ ಕಾಪುವಿನ ದೀಪಸ್ತಂಭದ ಬೆಳಕು ತೆಂಗಿನ ಗರಿಗಳನ್ನು ಸವರಿ ಹೋಗುತ್ತಿತ್ತು. ಹುಡುಗ ಹೊಸದೇನನ್ನೂ ಹೇಳುತ್ತಿಲ್ಲ ಅನಿಸಿತು. ನಾನು ಹುಟ್ಟಿ ಬೆಳೆದ ಮನೆ ಇದ್ದ ಜಾಗದಿಂದ ಅಲ್ಲಾಡಲಿಲ್ಲ ನಿಜ. ಆದರೆ ಮಳೆಗಾಲ ಬಂತೆಂದರೆ ಅದೂ ದಡ ಬಿಟ್ಟ ದೋಣಿಯೇ ಆಗುತ್ತಿತ್ತು.

ಜೂನ್ ಹಿಡಿದರೆ ಪೇಟೆಯ ದಾರಿ ನೀರಿನಡಿ. ಕಡಲು ಕೆಂಪಾಗಿ ಹುಚ್ಚು ಹಿಡಿದ ಹಾಗೆ ಕುಣಿಯುವಾಗ ದೋಣಿ ಇಳಿಸುವವರಿಲ್ಲ, ಕೈಯಲ್ಲಿ ಕಾಸಿಲ್ಲ. ಮುಂದೆ ಮೂರು ತಿಂಗಳು ಮನೆಯೊಳಗಿನ ಹತ್ತು ಬಾಯಿಗೆ ಮನೆಯೊಳಗಿನದೇ ಊಟ. ಹಾಗಾಗಿ ಏಪ್ರಿಲ್, ಮೇ ಎಂದರೆ ಅಮ್ಮನಿಗೆ ಸರಕು ತುಂಬುವ ಕಾಲ. ಅಕ್ಕಿಯ ಮುಡಿಗಳು ಒಂದರ ಮೇಲೊಂದು ಅಟ್ಟ ಏರುತ್ತಿದ್ದವು. ಹಲಸಿನ ಸೊಳೆ ಉಪ್ಪಿನ ಭರಣಿಗೆ ಇಳಿದು ‘ಉಪ್ಪಡ್ ಪಚ್ಚಿಲ್’ ಆಗುತ್ತಿತ್ತು. ಹಲಸಿನ ಬೀಜ ಬೆಂದು ಒಣಗಿ ಕಲ್ಲಿನಂಥ ಸಾಂತಣಿ. ಉಪ್ಪು ನೀರಿನಲ್ಲಿ ಮಾವಿನಕಾಯಿ. ಚಾಪೆಯ ಮೇಲೆ ಹಪ್ಪಳ, ಕಾಗೆ ಓಡಿಸಲು ಕೋಲು ಹಿಡಿದ ನಾನು. ಒಣ ಬಂಗುಡೆ, ಒಣ ಎಟ್ಟಿ, ಒಣ ನಂಗು. ಹುಣಸೆ, ಹುರುಳಿ, ಬೆಲ್ಲ. ಒಲೆಯ ಹಿಂದೆ ಕೊತ್ತಳಿಗೆ ಮತ್ತು ತೆಂಗಿನ ಸಿಪ್ಪೆಯ ರಾಶಿ. ಎಲ್ಲಕ್ಕಿಂತ ಚಂದದ್ದು ಬಣ್ಣದ ಸೌತೆ. ಒಂದಕ್ಕೊಂದು ತಾಗದ ಹಾಗೆ ಬಾಳೆ ನಾರಿನಲ್ಲಿ ಗಂಟು ಹಾಕಿ ಮಾಡಿನ ಅಡ್ಡಕ್ಕೆ ಸಾಲಾಗಿ ತೂಗಿ ಬಿಡುತ್ತಿದ್ದರು. ಕೆಳಗೆ ಮಲಗಿದ ನಮಗೆ ಅವೇ ನಕ್ಷತ್ರ. ಒಂದಕ್ಕೊಂದು ತಾಗಿದರೆ ತಾಗಿದಲ್ಲಿ ಕೊಳೆಯುತ್ತದೆ, ತೂಗಿದ್ದು ತಿಂಗಳುಗಟ್ಟಲೆ ಉಳಿಯುತ್ತದೆ. ಅಳಿಯನ ಫೋನಿನ ದೋಣಿಯೊಳಗೂ ಹಣ್ಣು ತರಕಾರಿ ಬಲೆಯ ಜೋಲಿಯಲ್ಲಿ ತೂಗುತ್ತಿದ್ದವು.

ಅಮ್ಮನಿಗೊಂದು ಕ್ರಮವಿತ್ತು. ಮೊದಲು ಬೇಕಾದದ್ದು ಕೈಗೆಟಕುವಲ್ಲಿ, ನಡುಮಳೆಗಾಲದ ಆಟಿ ತಿಂಗಳಿಗೆ ಬೇಕಾದದ್ದು ಅಟ್ಟದ ಮೂಲೆಯಲ್ಲಿ. ಸೌತೆ ಮುಗಿಯುವ ಹೊತ್ತಿಗೆ ಹಿತ್ತಲೇ ಊಟ ಹಾಕುತ್ತಿತ್ತು. ತಜಂಕಿನ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಣಿಲೆ, ತಿಮರೆಯ ಚಟ್ನಿ. ಇಂದು ಉಡುಪಿಯ ಸಭಾಭವನಗಳಲ್ಲಿ ‘ಆಟಿಡೊಂಜಿ ದಿನ’ ಎಂದು ಟಿಕೆಟ್ ಹರಿದು ಬಡಿಸುವುದು ಇದನ್ನೇ. ಆಗ ನಾವು ಇದನ್ನು ಬಡತನ ಎನ್ನುತ್ತಿದ್ದೆವು.

ನಿಜವಾದ ಹಾಯಿದೋಣಿಯ ಊಟವೂ ಈ ಕರಾವಳಿಗೆ ಹೊಸದಲ್ಲ. ನನ್ನ ದೊಡ್ಡಪ್ಪನೊಬ್ಬ ಮಂಗಳೂರಿನಿಂದ ಮುಂಬಯಿಗೆ ಹಂಚು ಒಯ್ಯುವ ಮಂಜಿಯಲ್ಲಿದ್ದವನು. ಮಣ್ಣು ಮೆತ್ತಿದ ಪೆಟ್ಟಿಗೆಯೇ ಒಲೆ, ಪೀಪಾಯಿಯಲ್ಲಿ ನೀರು, ಎರಡು ಹೊತ್ತು ಗಂಜಿ, ಸುಟ್ಟ ಒಣಮೀನು. ನೀರಿನ ಪೀಪಾಯಿಗೆ ಬೀಗ ಇತ್ತು, ಹಣದ ಪೆಟ್ಟಿಗೆಗೆ ಇರಲಿಲ್ಲ ಎನ್ನುತ್ತಿದ್ದ. ಇನ್ನೂ ಆಚೆ, ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳ ಜನ. 1956ರವರೆಗೆ ಆ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಅಲ್ಲಿಯ ತೆಂಗಿನ ನಾರೆಲ್ಲ ಸರಕಾರಕ್ಕೇ ಹೋಗಬೇಕು, ಬದಲಿಗೆ ಅಕ್ಕಿ. ಅವರು ನಾರಿನಿಂದಲೇ ಹೊಲಿದ ಓಡಂ ಎಂಬ ದೋಣಿಗಳಲ್ಲಿ ನಾರನ್ನೂ ಕೊಬ್ಬರಿಯನ್ನೂ ಹೇರಿಕೊಂಡು ಮಂಗಳೂರಿಗೆ ಬಂದು, ವರ್ಷದ ಅಕ್ಕಿ ತುಂಬಿಕೊಂಡು ಮಳೆಗಾಳಿ ಏಳುವ ಮೊದಲೇ ಮರಳುತ್ತಿದ್ದರು. ಗಾಳಿಯ ಲೆಕ್ಕ ತಪ್ಪಿದರೆ ಅನ್ನ ತಪ್ಪಿದ ಹಾಗೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಈಗಲೂ ಹೋಗುತ್ತದೆ, ಈಗ ಇಂಜಿನ್ ಇದೆ ಅಷ್ಟೆ.

ಹಿಂದೂ ಮಹಾಸಾಗರದ ಹಡಗುಗಳಲ್ಲಿ ಅಡುಗೆಯವನ ಹೆಸರು ಭಂಡಾರಿ. ಮುಂದಾಳು ತಂಡೇಲ. ಭಂಡಾರಿ ಎಂದರೆ ಉಗ್ರಾಣದವನು. ಬೇಯಿಸುವವನ ಕೈಯಲ್ಲೇ ಉಗ್ರಾಣದ ಕೀಲಿ ಕೊಟ್ಟ ಆ ಹೆಸರಿನಲ್ಲಿ ಎಷ್ಟು ಬುದ್ಧಿ ಇದೆ ನೋಡಿ. ಇಂದು ನಾಳೆಗಳ ಲೆಕ್ಕ ಗೊತ್ತಿಲ್ಲದವನು ಸೌಟು ಹಿಡಿಯಬಾರದು. ಮಲ್ಪೆಯ ಆಳಸಮುದ್ರದ ಬೋಟುಗಳು ಈಗಲೂ ಹತ್ತು ದಿನದ ಅಕ್ಕಿ, ನೀರು, ತರಕಾರಿ ಹೇರಿಕೊಂಡೇ ಹೊರಡುವುದು. ಟನ್ನುಗಟ್ಟಲೆ ಮಂಜುಗಡ್ಡೆ ಹೋಗುತ್ತದೆ, ಅದೆಲ್ಲ ಮೀನಿಗೆ. ನಮ್ಮ ನೆರೆಯವನೊಬ್ಬ ಹೇಳುವ ಪ್ರಕಾರ ಐದನೆಯ ದಿನಕ್ಕೆ ಟೊಮೆಟೊ ಮುಗಿದಿರುತ್ತದೆ, ಏಳನೆಯ ದಿನಕ್ಕೆ ಒಬ್ಬೊಬ್ಬರಿಗೂ ಸೊಪ್ಪಿನ ಕನಸು ಬೀಳುತ್ತದೆ.

ಸೊಪ್ಪಿನ ಕನಸು ತಮಾಷೆಯಲ್ಲ. ಹಸಿರು ತಿನ್ನದ ನಾವಿಕರ ವಸಡು ಕೊಳೆತು ಹಲ್ಲು ಉದುರುತ್ತಿದ್ದ ಕಾಲದಲ್ಲಿ, 1747ರಲ್ಲಿ, ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ, ನಿಂಬೆ ತಿನ್ನಿಸಿ ಗುಣವಾಗುವುದನ್ನು ಕಂಡ. ಉಪ್ಪಿನಕಾಯಿಯ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಈ ಕೆಲಸಕ್ಕೆ ಅದು ಸಾಲದು. ಮೊಳಕೆ ಹೆಸರು ಸಾಕು. ಹಿಡಿ ಕಾಳು, ಒದ್ದೆ ಬಟ್ಟೆ, ಎರಡು ದಿನ. ನಡುಗಡಲಿನಲ್ಲೂ ಕೊಯ್ಲು.

ಮರುದಿನ ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನು ಖುಷಿಯಾಗಿ ಬರೆದುಕೊಂಡ. ಆದರೆ ಅವನ ಮುಖ್ಯ ಆಧಾರ ಮೀನು. ದೋಣಿಯ ಹಿಂದೆ ಗಾಳ ಬಿಟ್ಟರಾಯಿತು, ಅಂಜಲ್ ಬೀಳುತ್ತದೆ, ಪುಕ್ಕಟೆ ಊಟ. “ಎಂಟು ಕಿಲೋದ ಅಂಜಲ್ ಬಿದ್ದರೆ ಮೂರು ಜನ ಎಂತ ಮಾಡುತ್ತೀರಿ?” ಎಂದಳು ಇವಳು. ಫ್ರಿಜ್ಜು ಚಿಕ್ಕದು. ಉಪ್ಪು ಹಾಕಿ ಒಣಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಸಣ್ಣ ಮೀನು ಹಿಡಿದು ತಿನ್ನುವುದು ಲೇಸು, ಅದು ಬೇಗ ಹುಟ್ಟಿ ಬೇಗ ಬೆಳೆಯುವ ಜಾತಿ ಎಂದು ನಾನು ಮೇಷ್ಟ್ರ ಹಾಗೆ ಸೇರಿಸಿದೆ. ಸೇರಿಸಿದ ಮೇಲೆ ನನಗೇ ಅನುಮಾನ ಬಂತು. ಆ ಮಾತಿಗೂ ಕಡಲು ಒಪ್ಪಬೇಕಲ್ಲ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ, ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದು, ಮರಿಗಳನ್ನು ಬಾಚಿದ್ದು, ಎರಡನ್ನೂ ವಿಜ್ಞಾನಿಗಳು ಹೇಳುತ್ತಾರೆ. ಬಡವರ ಮೀನೆಂದು ನಾವು ಕರೆಯುವ ಬೂತಾಯಿ ಹಿಟ್ಟಾಗಿ ಎಣ್ಣೆಯಾಗಿ ಯಾವ ಯಾವುದೋ ದೇಶದ ಸಾಕುಮೀನಿನ ಹೊಟ್ಟೆ ಸೇರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಸರಕಾರದ ನಿಷೇಧ ಇದೆ. ಅಮ್ಮನ ಕಾಲದಲ್ಲಿ ಆ ನಿಷೇಧವನ್ನು ಕಡಲೇ ಹಾಕುತ್ತಿತ್ತು, ದಂಡವನ್ನೂ ಅದೇ ವಸೂಲು ಮಾಡುತ್ತಿತ್ತು. ಈಗ ಆ ಎರಡು ತಿಂಗಳು ನಾವು ಒಣಮೀನಿಗೆ ಕಾಯುವುದಿಲ್ಲ. ಹೊರರಾಜ್ಯದ ಮೀನು ಮಂಜುಗಡ್ಡೆಯಲ್ಲಿ ಲಾರಿ ಏರಿ ಬರುತ್ತದೆ. ಅಳಿಯ ದೋಣಿ ಹತ್ತಿ ಕಲಿಯಬೇಕೆಂದಿರುವುದನ್ನು ನಾನು ನೆಲದ ಮೇಲೆ ಕೂತೇ ಮರೆತಿದ್ದೇನೆ. ಹಾಗೆಂದು ಅವನೆದುರು ಹೇಳಲಿಲ್ಲ, ಮಾವನ ಮರ್ಯಾದೆಯ ಪ್ರಶ್ನೆ.

ಹೊರಡುವ ದಿನ ಇವಳು ಅವನ ಸೂಟ್‌ಕೇಸಿಗೆ ಸಾಂತಣಿ, ಹಪ್ಪಳ, ಒಣ ಎಟ್ಟಿಯ ಚಟ್ನಿಪುಡಿ ತುಂಬಿದಳು. ಮೂರು ಬಣ್ಣದ ಸೌತೆಯನ್ನು ಅವನ ಅಂಗಿಗಳ ನಡುವೆ ಮಲಗಿಸಿದಳು. ಒಂದು ಮಟ್ಟುಗುಳ್ಳವನ್ನೂ ಇಡಲು ಹೋದಳು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಬದನೆ, ನಮ್ಮ ಪಕ್ಕದೂರಿನದು, ಬಿಟ್ಟು ಹೋಗಬಾರದು ಎಂದು. ನಾನು ತಡೆದೆ. ಗುಳ್ಳ ತೂಗಿಸಿ ಇಡುವ ಜಾತಿಯಲ್ಲ.

ದೋಣಿಯನ್ನು ಅವನು ಇನ್ನೂ ಕೊಂಡಿಲ್ಲ. ವಾರಕ್ಕೊಮ್ಮೆ ಹಾಯಿ ನಡೆಸುವುದನ್ನು ಕಲಿಯಲು ಹೋಗುತ್ತಾನೆ. ಹೆಂಡತಿಗೆ ಮೊದಲ ದಿನವೇ ವಾಂತಿಯಾಯಿತಂತೆ, ಮಗಳಿಗೆ ಏನೂ ಆಗಲಿಲ್ಲವಂತೆ. ಹೋದ ವಾರ ಒಂದು ಚಿತ್ರ ಕಳಿಸಿದ. ಹದಿನೆಂಟನೆಯ ಮಾಳಿಗೆಯ ಬಾಲ್ಕನಿ, ಬಟ್ಟೆ ಒಣಗಿಸುವ ಕಂಬಿಗೆ ನೀಲಿ ನೈಲಾನ್ ಹಗ್ಗದಲ್ಲಿ ತೂಗುತ್ತಿರುವ ಎರಡು ಸೌತೆ. ಕೆಳಗೆ ಬರೆದಿದ್ದ: ನಲವತ್ತೊಂದನೆಯ ದಿನ.

ಇವಳು ಕನ್ನಡಕ ಹಾಕಿಕೊಂಡು ಚಿತ್ರವನ್ನು ಎರಡು ಬೆರಳಲ್ಲಿ ಅಗಲ ಮಾಡಿ ನೋಡಿದಳು.

“ಗಂಟು ಸರಿ ಹಾಕಲಿಲ್ಲ ಅವನು. ಬೀಳುತ್ತದೆ, ನೋಡಿ ಬೇಕಾದರೆ.”