ಒರೆಗಲ್ಲು ಯಾವುದು?

ಕೋಲಾರದವರಾದ ನಮಗೆ ಚಿನ್ನದ ಮಾತು ಹೊಸತಲ್ಲ. ನಮ್ಮ ಸೀಮೆಯ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೂ ಒರೆಗಲ್ಲನ್ನು ನಂಬಿದ ಅಕ್ಕಸಾಲಿಯು ಬರಿಯ ಹೊಳಪಿಗೆ ಬೆಲೆ ಕಟ್ಟನೆಂಬುದನ್ನು ಇಲ್ಲಿ ಅರಿಯದವರಿಲ್ಲ. ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ ನಾವು ಹೊಳಪಿಗೆ ಮೋಸಹೋದೆವು. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದೇ ಲೇಸು.

2021ರ ಆಷಾಢ. ಕೋವಿಡ್ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದುವು. ಆರನೆಯ ತರಗತಿಯ ನಮ್ಮ ಮೊಮ್ಮಗಳು ಮೊಬೈಲಿನ ಮುಂದೆ ಕುಳಿತು ಪಾಠ ಕೇಳುತ್ತಿದ್ದಳು. ಒಂದು ದಿನ ಭಿನ್ನರಾಶಿಯ ಮೇಲೆ 20 ಪ್ರಶ್ನೆಗಳ ಕಿರುಪರೀಕ್ಷೆ ಬಂದಿತು. ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಒತ್ತಬೇಕು. ಮಗು ತಡವರಿಸಿತು. ಪಕ್ಕದಲ್ಲಿದ್ದ ನಾವು, ಇದು ವಾತ್ಸಲ್ಯವೆಂದು ಭ್ರಮಿಸಿ, ಮೆಲ್ಲನೆ ಬೆರಳು ತೋರಿದೆವು. ಇಪ್ಪತ್ತಕ್ಕೆ ಇಪ್ಪತ್ತು! ಮನೆಯಲ್ಲಿ ಪಾಯಸವಾಯಿತು.

ವಾರ ಕಳೆಯುವಷ್ಟರಲ್ಲಿ ಶ್ರೀನಿವಾಸಪುರದ ಬಂಧುಗಳು ತಮ್ಮ ತೋಟದ 24 ನೀಲಂ ಮಾವಿನ ಹಣ್ಣುಗಳನ್ನು ಕಳುಹಿಸಿದರು. “ಇದರಲ್ಲಿ ಮೂರನೆಯ ಒಂದು ಪಾಲನ್ನು ಪಕ್ಕದ ಮನೆಗೆ ಕೊಟ್ಟು ಬಾ, ಮಗೂ” ಎಂದೆವು. ಅವಳು ಮೂರು ಹಣ್ಣುಗಳನ್ನೆತ್ತಿಕೊಂಡು ನಿಂತಳು. ಬಳಿಕ ಸಂಶಯದಿಂದ ನಮ್ಮ ಕೈಯನ್ನು ನೋಡಿದಳು, ಬೆರಳು ಯಾವ ಕಡೆಗೆ ತೋರುವುದೋ ಎಂದು. ಆ ನೋಟವು ನಮ್ಮನ್ನು ಇರಿಯಿತು.

ಅದೇ ಜುಲೈ ತಿಂಗಳ 19 ಮತ್ತು 22ರಂದು ಮಾಲೂರಿನ ನಮ್ಮ ತಂಗಿಯ ಮೊಮ್ಮಗನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಿದ್ದನು. ಆ ವರ್ಷ ಮೂರು ಮೂರು ವಿಷಯಗಳನ್ನು ಒಂದೊಂದು ದಿನಕ್ಕೆ ಸೇರಿಸಿ, ಸರಿಯುತ್ತರವನ್ನು ಗುರುತಿಸುವ ಪ್ರಶ್ನೆಗಳನ್ನೇ ಕೊಟ್ಟಿದ್ದರು. ಅಂಥ ಪ್ರಶ್ನೆಯು ತಾನಾಗಿ ಕೆಟ್ಟದ್ದಲ್ಲ. ಸಾವಿರಾರು ಮಕ್ಕಳ ತಿಳಿವನ್ನು ಬೇಗನೆ ಅಳೆಯಬಲ್ಲುದು. ಅಲ್ಲಿ ಪರೀಕ್ಷಾಮಂದಿರವಿತ್ತು, ಮೇಲ್ವಿಚಾರಕರಿದ್ದರು. ಮನೆಯಲ್ಲಿಯಾದರೋ, ಅಳೆದದ್ದು ಮಗುವಿನ ತಿಳಿವನ್ನೋ ಅಜ್ಜಿಯ ತಿಳಿವನ್ನೋ ಎಂದು ಹೇಳುವವರಾರು?

ಮುಳಬಾಗಿಲಿನ ಉಪಾಧ್ಯಾಯಿನಿಯೊಬ್ಬರಿಗೆ ಇದನ್ನೆಲ್ಲ ತಿಳಿಸಿದೆವು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವು ಮೊದಲಾದಾಗ, ಫೋನಿಲ್ಲದ ಮನೆಗಳ ಮಕ್ಕಳಿಗೆ ಹಳ್ಳಿಯ ಜಗಲಿಯಲ್ಲಿ ಪಾಠ ಹೇಳಿದವರು ಅವರು, ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು. “ಉತ್ತರವನ್ನು ಕೇಳಿದರೆ ಯಾರಾದರೂ ಹೇಳಿಕೊಡಬಲ್ಲರು, ನಾನು ದಾರಿಯನ್ನು ಕೇಳುತ್ತೇನೆ” ಎಂದರವರು. ಅವರು ಒಂದೇ ಲೆಕ್ಕವನ್ನು ಮಗುವಿಗೊಂದರಂತೆ ಅಂಕಿಗಳನ್ನು ಬದಲಿಸಿ ಕೊಡುವರು. ಮಾಡಿದ ಬಗೆಯನ್ನು ಮಗು ತನ್ನ ಮಾತಿನಲ್ಲಿ ಹೇಳಿ ಧ್ವನಿಮುದ್ರಿಸಿ ಕಳುಹಿಸಬೇಕು. ಪುಸ್ತಕದ ಚಿತ್ರದಲ್ಲಿ ಹೊಡೆದುಹಾಕಿದ ತಪ್ಪುಗಳೂ ಕಾಣಬೇಕು. ಮುಂದಿನ ಪಾಠವನ್ನು ಎಲ್ಲಿಂದ ತೊಡಗಬೇಕೆಂಬುದು ಅವುಗಳಿಂದಲೇ ಅವರಿಗೆ ತಿಳಿಯುವುದಂತೆ. ಅಂಕವನ್ನು ಒಂದೇ ದಿನದ ಮೇಲೆ ಕಟ್ಟದೆ, ವಾರವಾರದ ಕೆಲಸಕ್ಕೆ ಹಂಚುವರು.

ಮರುದಿನ ಉಳಿದ ಮಾವಿನ ಹಣ್ಣುಗಳನ್ನು ಚಾಪೆಯ ಮೇಲೆ ಹರಡಿ, “ಹೇಗೆ ಹಂಚುವೆ, ಹೇಳು” ಎಂದು ಸುಮ್ಮನೆ ಕುಳಿತೆವು. ಎರಡು ಬಾರಿ ತಪ್ಪಿದಳು. ಮೂರನೆಯ ಬಾರಿ ತಾನೇ ಸಾಲಿಟ್ಟು, ಎಣಿಸಿ, ಕಾರಣವನ್ನೂ ಹೇಳಿದಳು. ಅದಕ್ಕೆ ಯಾರೂ ಅಂಕ ಕೊಡಲಿಲ್ಲ.

ಆಗಿನ ಸಂಕಟವು ಕಳೆಯಿತು. ಮೊಬೈಲಿನ ಪಾಠಗಳು ಮಾತ್ರ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿವೆ. ಗೃಹಸ್ಥರು ಅಂಕಪಟ್ಟಿಯನ್ನು ನೋಡುವ ಮೊದಲು ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು “ಹೇಗೆ?” ಎಂದೊಮ್ಮೆ ಕೇಳಲಿ. ಕೇಳಿದ ಮೇಲೆ, ನಮ್ಮಂತೆ ಆತುರಪಡದೆ, ಬೆರಳನ್ನು ಮಡಿಸಿಕೊಂಡಿರಲಿ.