ಕುಣಿಗಲಿನಲ್ಲಿ ಕಂಡ ಒಂದು ಹಳೆಯ ಯಂತ್ರ

ಬೆಂಗಳೂರಿನಿಂದ ಹಾಸನದ ಹೆದ್ದಾರಿಯನ್ನು ಹಿಡಿದು ಸುಮಾರು ೭೦ ಕಿಲೋಮೀಟರು ಸಾಗಿದರೆ ಕುಣಿಗಲ್ ಪಟ್ಟಣವು ಸಿಕ್ಕುವುದು. ೨೦೧೭ರಿಂದ ಈಚೆಗೆ ರೈಲುಗಾಡಿಯೂ ಬಂದಿದೆ. ಎಡೆಯೂರು ಸಿದ್ಧಲಿಂಗೇಶ್ವರ ಸ್ವಾಮಿಯ ದರ್ಶನಕ್ಕೆ ಹೋಗುವವರು ಈ ಊರನ್ನು ಹಾದುಹೋಗುವರೇ ಹೊರತು ಇಲ್ಲಿ ಇಳಿಯುವುದು ಅಪರೂಪ. ಇಳಿದವರಿಗೆ ನೋಡತಕ್ಕ ವಸ್ತುಗಳು ಎರಡುಂಟು. ಒಂದು, ಜನಪದರ ಹಾಡಿನಿಂದ ಕನ್ನಡನಾಡಿಗೆಲ್ಲಾ ಪರಿಚಿತವಾದ ದೊಡ್ಡ ಕೆರೆ. ಇನ್ನೊಂದು, ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಕುದುರೆಗಳನ್ನು ಸಾಕಿದ ಕಾಲದಿಂದ ಹೆಸರಾದ ಕುದುರೆಯ ಫಾರಂ. ಶಿವನು ಕುಣಿದ ಕಲ್ಲು ಇಲ್ಲಿರುವುದರಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವರು.

ನಾನು ಕಳೆದ ಬೇಸಗೆಯಲ್ಲಿ ತಂಗಿಯ ಮನೆಗೆಂದು ಹೋದವನು ಕೆರೆಯ ಏರಿಯ ಮೇಲೆ ಬೆಳಗಿನ ಗಾಳಿಯನ್ನು ಸೇವಿಸಿ, ಹುಲಿಯೂರುದುರ್ಗದ ರಸ್ತೆಯ ಕಡೆ ನಡೆದು ಬರುತ್ತಿದ್ದೆನು. ಅಲ್ಲಿ ತಗಡಿನ ಒಂದು ಷೆಡ್ಡಿನ ಮುಂದೆ ಪೂರ್ವಕಾಲದ ಆನೆಯಂತೆ ನಿಂತಿದ್ದ ಯಂತ್ರವೊಂದು ಕಣ್ಣಿಗೆ ಬಿತ್ತು. ಅದಕ್ಕೆ ಗಾಲಿಗಳಿಲ್ಲ, ಎರಡು ಬದಿಗಳಲ್ಲಿಯೂ ಉಕ್ಕಿನ ಹಲ್ಲೆಗಳನ್ನು ಪೋಣಿಸಿದ ಸರಪಳಿ. ಚೈನಿನ ಟ್ರ್ಯಾಕ್ಟರು ಎಂದು ಜನರು ಕರೆಯುವುದು ಇದನ್ನೇ. ಅದರ ಮೇಲೆ ಮೇಸ್ತ್ರಿಯೂ ಒಬ್ಬ ಹುಡುಗನೂ ಕುಳಿತಿದ್ದರು. ಕೆಳಗೆ ಯಜಮಾನರಾದ ಗೌಡರೂ ಅವರ ಹಿರಿಯ ಮಗನೂ ಮುಖ ತಿರುಗಿಸಿಕೊಂಡು ನಿಂತಿದ್ದರು.

“ಏನಪ್ಪಾ, ಏನಾಗಿದೆ ಇದಕ್ಕೆ?” ಎಂದೆನು.

“ಮುಂದಕ್ಕೆ ಹೋಗ್ತದೆ ಸ್ವಾಮಿ, ಹಿಂದಕ್ಕೂ ಬರ್ತದೆ. ತಿರುಗೋದೇ ಇಲ್ಲ. ಸ್ಟೀರಿಂಗ್ ಕ್ಲಚ್ಚು ಎರಡೂ ಕಚ್ಕೊಂಡ್ಬಿಟ್ಟಿವೆ” ಎಂದನು ಮೇಸ್ತ್ರಿ.

ವಿಷಯವಿಷ್ಟು. ಗೌಡರ ಊರಿನ ಕಟ್ಟೆಯು ಹೂಳಿನಿಂದ ತುಂಬಿತ್ತು. ಆ ಹೂಳು ರಾಗಿಯ ಹೊಲಕ್ಕೆ ಉತ್ತಮವಾದ ಗೊಬ್ಬರ. ಭರಣಿ ಮುಗಿದು ಕೃತ್ತಿಕೆಯು ಕಾಲಿಟ್ಟಿತ್ತು. ಒಂದು ದೊಡ್ಡ ಮಳೆ ಬಂದು ಕಟ್ಟೆಗೆ ನೀರು ನಿಂತರೆ ಆ ವರ್ಷಕ್ಕೆ ಕೆಲಸವಿಲ್ಲ. ಎರಡು ಮಳೆಗಾಲ ಬಯಲಿನಲ್ಲಿ ನಿಂತು ನೆನೆದ ಈ ಯಂತ್ರವನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು, ಜೆ.ಸಿ.ಬಿ.ಯನ್ನೋ ಇಟಾಚಿಯನ್ನೋ ಬಾಡಿಗೆಗೆ ತರೋಣವೆಂದು ಮಗನ ವಾದ. ಗಂಟೆಯ ಬಾಡಿಗೆಯನ್ನು ಲೆಕ್ಕ ಹಾಕಿದ ತಂದೆಗೆ ಅದು ಒಪ್ಪಿಗೆಯಿಲ್ಲ. ಮೂರು ದಿನಗಳ ಗಡುವಿನ ಮೇಲೆ ಇಬ್ಬರೂ ರಾಜಿಯಾಗಿದ್ದರು. ಅವುಗಳಲ್ಲಿ ಒಂದು ದಿನವು ಆಗಲೇ ಕಳೆದಿತ್ತು.

ಇಂತಹ ಯಂತ್ರಗಳ ಹುಟ್ಟಿಗೂ ಕೆಸರು ಮಣ್ಣೇ ಕಾರಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗಾಲಿಯ ಯಂತ್ರಗಳು ಮೆದುನೆಲದಲ್ಲಿ ಹೂತುಹೋಗುತ್ತಿದ್ದುದರಿಂದ ಬೆಂಜಮಿನ್ ಹೋಲ್ಟ್ ಎಂಬಾತನು ೧೯೦೪ರಲ್ಲಿ ಗಾಲಿಯನ್ನು ತೆಗೆದು ಸರಪಳಿಯನ್ನು ತೊಡಿಸಿ ಪರೀಕ್ಷಿಸಿದನು. ಭಾರವು ಅಗಲವಾಗಿ ಹರಡುವುದರಿಂದ ಸರಪಳಿಯು ಹೂಳುವುದಿಲ್ಲ. ಕಂಬಳಿಹುಳುವಿನಂತೆ ತೆವಳುವುದೆಂದು ಅದಕ್ಕೆ ಕ್ಯಾಟರ್‌ಪಿಲ್ಲರ್ ಎಂದು ಹೆಸರಾಯಿತು. ನಮ್ಮಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬುಲ್ಡೋಜರುಗಳನ್ನು ತಯಾರಿಸತೊಡಗಿತು. ಗೌಡರ ಯಂತ್ರವು ಯಾವ ದೇಶದ್ದೋ! ಹೆಸರಿನ ತಗಡು ಎಂದೋ ಕಳಚಿಹೋಗಿತ್ತು.

ಗಾಲಿಯಿಲ್ಲದ ಬಂಡಿಯು ತಿರುಗುವುದಾದರೂ ಹೇಗೆಂದು ಗೃಹಿಣಿಯರು ಕೇಳಬಹುದು. ಉಳುವ ಎತ್ತುಗಳನ್ನು ಜ್ಞಾಪಿಸಿಕೊಳ್ಳಿರಿ. ಹೊಲದ ಮೂಲೆಯಲ್ಲಿ ಒಳಬದಿಯ ಎತ್ತು ನಿಂತಲ್ಲಿಯೇ ಹೆಜ್ಜೆ ಹಾಕುವುದು, ಹೊರಬದಿಯದು ಸುತ್ತಿ ಬರುವುದು. ಇಲ್ಲಿಯೂ ಹಾಗೆಯೇ. ಎಂಜಿನ್ನಿನ ಬಲವು ಹಿಂಬದಿಯ ಅಡ್ಡ ಅಚ್ಚಿಗೆ ಬಂದು, ಅದರ ಎರಡು ತುದಿಗಳಲ್ಲಿರುವ ಎರಡು ಕ್ಲಚ್ಚುಗಳ ಮೂಲಕ ಎಡಬಲದ ಸರಪಳಿಗಳಿಗೆ ಹಂಚಿಹೋಗುವುದು. ಚಾಲಕನ ಮುಂದೆ ಎರಡು ಸನ್ನೆಕೋಲುಗಳಿವೆ. ಎಡಗಡೆಯದನ್ನು ಎಳೆದರೆ ಎಡದ ಸರಪಳಿಗೆ ಬಲವು ತಪ್ಪುವುದು. ಬಲದ್ದು ನಡೆಯುತ್ತಲೇ ಇರುವುದರಿಂದ ಯಂತ್ರವು ಎಡಕ್ಕೆ ಹೊರಳುವುದು. ಇನ್ನೂ ಇಕ್ಕಟ್ಟಾಗಿ ತಿರುಗಬೇಕಾದರೆ ಅದೇ ಬದಿಯ ಬ್ರೇಕನ್ನೂ ತುಳಿಯಬೇಕು. ಕುದುರೆಗಳ ಊರಿನಲ್ಲಿ ಎರಡು ಲಗಾಮುಗಳ ಈ ಸಾರಥ್ಯವನ್ನು ಕಂಡು ನನಗೆ ಸಂತೋಷವಾಯಿತು. ಸಂಸ್ಕೃತದಲ್ಲಿ ಲಗಾಮಿಗೂ ಸೂರ್ಯನ ಕಿರಣಕ್ಕೂ ರಶ್ಮಿ ಎಂಬ ಒಂದೇ ಪದವುಂಟು. ಆದರೆ ಇಳಿಜಾರಿನಲ್ಲಿ ಈ ಲಗಾಮು ವಿಪರೀತವಾಗಿ ವರ್ತಿಸುವುದೆಂದು ಮೇಸ್ತ್ರಿಯು ಎಚ್ಚರಿಸಿದನು. ಇಳಿಯುವಾಗ ಎಡದ ಕೋಲನ್ನು ಎಳೆದರೆ ಎಂಜಿನ್ನಿನ ತಡೆ ತಪ್ಪಿದ ಎಡದ ಸರಪಳಿಯು ಮುಂದಕ್ಕೆ ಓಡಿ, ಯಂತ್ರವು ಬಲಕ್ಕೆ ತಿರುಗಬಹುದು. ಹೊಸಬರು ಹಳ್ಳಕ್ಕೆ ಬೀಳುವುದು ಇದರಿಂದಲೇ ಅಂತೆ.

ಕ್ಲಚ್ಚಿನೊಳಗೆ ಉಂಗುರದಂತಹ ಬಿಲ್ಲೆಗಳಿವೆ. ಒಂದು ಬರಿಯ ಉಕ್ಕಿನದು, ಮುಂದಿನದು ಒರಟಾದ ಪದರನ್ನು ಹೊದಿಸಿದ್ದು. ಹೀಗೆ ಒಂದರ ಮೇಲೊಂದು ಅಡಕಿ, ಬಲವಾದ ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುವುವು. ಕೋಲನ್ನೆಳೆದಾಗ ಒತ್ತಡವು ಸಡಿಲಿ ಬಿಲ್ಲೆಗಳು ಬೇರ್ಪಡಬೇಕು. ಸರಿಯಾಗಿ ಒಣಗದ ಹಪ್ಪಳಗಳನ್ನು ಡಬ್ಬಿಯಲ್ಲಿ ಅಡಕಿಟ್ಟರೆ ಏನಾಗುವುದೆಂದು ಓದುಗರ ಮನೆಯವರು ಬಲ್ಲರು. ಇಲ್ಲಿ ಅಂಟು ಹಾಕಿದ್ದು ತುಕ್ಕು.

ಮಗನು ದೊಡ್ಡ ಸುತ್ತಿಗೆಯನ್ನು ತಂದನು. ಮೇಸ್ತ್ರಿಯು ಅದನ್ನು ಕಸಿದು ಪಕ್ಕಕ್ಕಿಟ್ಟನು. ಅವನು ಮೊದಲು ಕೋಲಿನಿಂದ ಕ್ಲಚ್ಚಿನವರೆಗಿನ ಕೀಲುಗಳನ್ನು ಪರೀಕ್ಷಿಸಿ, ದೋಷವು ಒಳಗೇ ಇದೆಯೆಂದು ನಿಶ್ಚಯಿಸಿಕೊಂಡನು. ಆಮೇಲೆ ಯಂತ್ರವು ತಣ್ಣಗಿರುವಾಗಲೇ ಮೇಲಿನ ಮುಚ್ಚಳವನ್ನು ತೆಗೆದು ಸೀಮೆಎಣ್ಣೆಯನ್ನು ಹೊಯ್ದು ರಾತ್ರಿಯೆಲ್ಲಾ ನೆನೆಯಬಿಟ್ಟನು. ಮರುದಿನ ಕೆಳಗಿನ ಬಿರಡೆಯನ್ನು ಬಿಚ್ಚಿದಾಗ ಹರಿದದ್ದು ಇಟ್ಟಿಗೆಯ ಬಣ್ಣದ ನೀರು! ಬಳಿಕ ಬಲದ ಕೋಲನ್ನು ಹಿಂದಕ್ಕೆಳೆದು ಹಗ್ಗದಿಂದ ಬಿಗಿದು, ಎಂಜಿನ್ನನ್ನು ಹೂಡಿ, ಕೆಳಗಿನ ಗೇರಿನಲ್ಲಿ ಬಯಲಿನೊಳಗೆ ನಡೆಸುತ್ತಾ ಆ ಬದಿಯ ಬ್ರೇಕನ್ನು ತುಸು ತುಸು ತುಳಿದನು. ಹೆಚ್ಚು ತುಳಿದರೆ ಗೇರಿನ ಹಲ್ಲು ಮುರಿಯುವುದಂತೆ. ಆರೇಳು ಸಲವಾದ ಮೇಲೆ ‘ಟಕ್’ ಎಂಬ ಶಬ್ದವಾಗಿ ಯಂತ್ರವು ಬಲಕ್ಕೆ ಹೊರಳಿತು. ಗೌಡರು ಮಗನ ಕಡೆ ನೋಡಿದರು. ಮಗನು ಎಡದ ಕೋಲನ್ನು ತೋರಿಸಿದನು.

ಎಡದ್ದು ಬಗ್ಗಲಿಲ್ಲ. ಪೀಠವನ್ನು ಕಳಚಿ, ಕ್ಲಚ್ಚನ್ನು ಸರಪಳಿ ರಾಟೆಯಿಂದ ಮೇಲಕ್ಕೆತ್ತಬೇಕಾಯಿತು. ಅದುಮಿದ ಸ್ಪ್ರಿಂಗುಗಳು ಒಮ್ಮೆಗೇ ಚಿಮ್ಮಿದರೆ ಮನುಷ್ಯನ ಪ್ರಾಣಕ್ಕೇ ಅಪಾಯ. ಆದುದರಿಂದ ಉದ್ದವಾದ ಬೋಲ್ಟುಗಳನ್ನು ತೊಡಿಸಿ ಸಮವಾಗಿ ಸಡಿಲಿಸಿದರು. ಹುಡುಗನು ಒಳಗಿನ ಧೂಳನ್ನು ಗಾಳಿಯಿಂದ ಊದಹೋದಾಗ ಮೇಸ್ತ್ರಿಯು ಗದರಿಸಿ ಒದ್ದೆಬಟ್ಟೆಯಿಂದ ಒರೆಸಿಸಿದನು. ಹಳೆಯ ಪದರುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಈತನ ಈ ಎಚ್ಚರಿಕೆಯನ್ನು ನಾನು ಬಹಳ ಮೆಚ್ಚಿದೆನು. ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿದರು. ಮೂರು ಪೂರ್ಣವಾಗಿ ಕೆಟ್ಟಿದ್ದುವು. ಅವುಗಳಿಗೆ ಬದಲು ಬೆಂಗಳೂರಿನಿಂದ ಸಂಜೆಯ ಬಸ್ಸಿನಲ್ಲಿ ಬಂದುವು. ಮಿಕ್ಕವನ್ನು ಉಜ್ಜಿ, ತೊಳೆದು, ಎಣ್ಣೆಯ ಪಸೆಯಿಲ್ಲದಂತೆ ಒಣಗಿಸಿದರು; ಪಸೆಯುಳಿದರೆ ಕ್ಲಚ್ಚು ಜಾರುವುದು.

ಮೂರನೆಯ ದಿನ ಸಾಯಂಕಾಲ, ಮೋಡವು ಹುತ್ರಿದುರ್ಗದ ದಿಕ್ಕಿನಿಂದ ಏಳುತ್ತಿರಲು, ಯಂತ್ರವು ಷೆಡ್ಡಿನ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿತು. ನಡೆಸಿದವನು ಗೌಡರ ಮಗನೇ.

“ಗೌಡ್ರೇ, ಮುಂದೆ ನಿಲ್ಲಿಸೋವಾಗ ಎರಡೂ ಲಿವರ್ ಹಿಂದಕ್ಕೆಳೆದು ಕಟ್ಬಿಡಿ. ಬಿಲ್ಲೆ ಬಿಟ್ಕೊಂಡಿದ್ರೆ ಅಂಟಲ್ಲ” ಎಂದು ಮೇಸ್ತ್ರಿಯು ಹೇಳಿದನು. ಗೌಡರು ಪೇಟೆಗೆ ಹೋಗಿ ನಾಲ್ಕು ಮಾರು ಹಗ್ಗವನ್ನು ಕೊಂಡುತಂದು ಪೀಠದ ಕೆಳಗೆ ಇಟ್ಟರು. ಅಂದು ರಾತ್ರಿ ಕುಣಿಗಲಿನಲ್ಲಿ ನಾಲ್ಕು ಹನಿ ಬಿದ್ದು ಮಳೆಯು ನಿಂತಿತು. ಬೆಳಗಾಗುವ ಮೊದಲೇ ಯಂತ್ರವನ್ನು ಹೊತ್ತ ಲಾರಿಯು ಕಟ್ಟೆಯ ಕಡೆಗೆ ಹೊರಟಿತ್ತು.