ಗೇಟಿನಾಚೆಯ ಬಟ್ಟೆ

ನಮ್ಮ ಕಡೆಯ ಮನೆಗಳಲ್ಲಿ ಹೊಲಿಸದೇ ಉಳಿದ ಬಟ್ಟೆಗಳಿಗೆಂದೇ ಒಂದು ಜಾಗ ಇರುತ್ತದೆ. ಕೆಲವರಿಗೆ ಅದು ಬೀರುವಿನ ಕೆಳಗಿನ ಅರೆ, ಕೆಲವರಿಗೆ ಮಂಚದಡಿಯ ಸೂಟ್‌ಕೇಸು. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ ಅದೊಂದು ಕಬ್ಬಿಣದ ಟ್ರಂಕು. ಅದರಲ್ಲಿ ಮುಕ್ಕಾಲು ಪಾಲು ರವಿಕೆ ಕಣಗಳೇ. ವರಮಹಾಲಕ್ಷ್ಮಿ ಹಬ್ಬಕ್ಕೆ, ಗೌರಿ ಬಾಗಿನಕ್ಕೆ, ಯಾರದೋ ಗೃಹಪ್ರವೇಶಕ್ಕೆ ಹೋದಾಗ ತಾಂಬೂಲದ ಜೊತೆ ಬಂದವು. 80 ಸೆಂಟಿಮೀಟರಿನ ಈ ತುಂಡುಗಳನ್ನು ಹೊಲಿಸುವವರು ಕಡಿಮೆ, ಬಿಸಾಡುವವರು ಇನ್ನೂ ಕಡಿಮೆ. ಅವು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ನಾವೇ ಕೊಟ್ಟ ಕಣ ನಾಲ್ಕು ಮನೆ ಸುತ್ತಿ ಮತ್ತೆ ನಮ್ಮ ತಟ್ಟೆಗೇ ಬಂದದ್ದುಂಟು.

ಈ ಕಣಗಳ ಅಡಿಯಲ್ಲಿ, ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪೇಪರಿನ ಮೇಲೆ, ತಿರುಗದೇ ಉಳಿದ ಬಟ್ಟೆಯೊಂದಿತ್ತು. ಐದು ಮೀಟರ್ ಕಾಟನ್ ಪಾಪ್ಲಿನ್. ಬಿಳಿಯ ನೆಲ, ಅದರ ಮೇಲೆ ಅಂಗೈಗಿಂತ ದೊಡ್ಡ ಹಸಿರು ಬಾಳೆ ಎಲೆಗಳು, ನಡುನಡುವೆ ಕೆಂಪು ದಾಸವಾಳ. ಅಮ್ಮ ಅದನ್ನು 1976ರಲ್ಲಿ ಚಿಕ್ಕಪೇಟೆಯಲ್ಲಿ ತನ್ನ ಸಂಬಳದಲ್ಲಿ ಕೊಂಡಿದ್ದಳು. ಆಗ ಅವಳು ಟೈಪಿಸ್ಟ್. ಊರಿನಲ್ಲಿ ಮ್ಯಾಕ್ಸಿಯ ಕಾಲ. ಒಂದು ಮ್ಯಾಕ್ಸಿ ಹೊಲಿದುಕೊಳ್ಳಬೇಕೆಂದು ತಂದದ್ದು. ಅದೇ ವರ್ಷ ಮದುವೆಯಾಯಿತು. ಬಟ್ಟೆ ಅವಳ ಜೊತೆಗೇ ಗಂಡನ ಮನೆಗೆ ಬಂತು, ನುಸಿಗುಳಿಗೆಯ ಜೊತೆ ಟ್ರಂಕು ಸೇರಿತು. ಯಾಕೆ ಹೊಲಿಯಲಿಲ್ಲ ಎಂದು ಕೇಳಿದರೆ ಅಮ್ಮನದು ಯಾವಾಗಲೂ ಒಂದೇ ಉತ್ತರ: "ಟೈಮ್ ಸಿಗ್ಲಿಲ್ಲ." ಆ ಮನೆಯಲ್ಲಿ ಅವಳು ನಾದಿನಿಯರ ಲಂಗ, ರವಿಕೆ, ದಿಂಬಿನ ಕವರು, ಕಿಟಕಿಯ ಪರದೆ, ನನ್ನ ಫ್ರಾಕುಗಳು, ತಮ್ಮನ ಚಡ್ಡಿ ಎಲ್ಲವನ್ನೂ ಹೊಲಿದಿದ್ದಳು. ಹಾಗಾಗಿ ಆ ಉತ್ತರವನ್ನು ನಾನು ಪೂರ್ತಿ ನಂಬಿಲ್ಲ. ಕೆದಕಿಯೂ ಇಲ್ಲ.

ಕಳೆದ ವರ್ಷ ಅಮ್ಮ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಬಲಗೈಯ ಮೇಲ್ಭಾಗದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿತು, ಆದರೆ ಕೈ ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ. ಎಪ್ಪತ್ತು ದಾಟಿದವರಿಗೆ ಇದು ನಿಧಾನ, ಪೂರ್ತಿ ಬರದೆಯೂ ಇರಬಹುದು ಎಂದರು. ಊಟ ಎಡಗೈಯಲ್ಲಿ, ಚಮಚದಲ್ಲಿ ಅಭ್ಯಾಸವಾಯಿತು. ಆಗದೇ ಹೋದದ್ದು ಸೀರೆ. ಸೀರೆ ಉಡಲು ಎರಡು ಕೈಯೂ ಪೂರ್ತಿ ಬೇಕು. ನೆರಿಗೆ ಹಿಡಿಯುವುದಕ್ಕೆ ಹತ್ತು ಬೆರಳು, ಸೆರಗು ಹೆಗಲಿಗೇರಿಸುವುದಕ್ಕೆ ಎತ್ತುವ ತೋಳು. ರವಿಕೆಯದು ಇನ್ನೂ ಕಷ್ಟ. ಅದು ಮೈಗಂಟಿದ ಬಟ್ಟೆ, ತೋಳು ತೂರಿಸಲು ಭುಜ ಹಿಂದಕ್ಕೆ ತಿರುಗಬೇಕು.

ನಾನು ಉಡಿಸುತ್ತೇನೆ ಎಂದೆ. ಎರಡು ದಿನ ಉಡಿಸಿಕೊಂಡಳು. ಮೂರನೆಯ ದಿನ ಬೇಡವೆಂದಳು. "ಇನ್ನೊಬ್ರ ಕೈಲಿ ಸೀರೆ ಉಡಿಸ್ಕೊಳ್ಳೋದು ದೇವಿಗೆ ಸರಿ. ಇಲ್ಲಾಂದ್ರೆ..." ಎಂದು ನಿಲ್ಲಿಸಿದಳು. ಮುಂದಿನದು ನನಗೆ ಕೇಳಿಸಿತು. ಅಲ್ಲಿಂದ ಅವಳು ಮುಂದೆ ಜಿಪ್ ಇರುವ ನೈಟಿಗೆ ಬಂದಳು. ನೈಟಿಗೆ ಬಂದ ದಿನದಿಂದ ಗೇಟು ದಾಟುವುದನ್ನು ಬಿಟ್ಟಳು.

ಬೆಂಗಳೂರಿನ ಬಡಾವಣೆಗಳಲ್ಲಿ ನೈಟಿಗೆ ಗೇಟಿನಾಚೆ ಪ್ರವೇಶವಿಲ್ಲವೆಂದೇನಲ್ಲ. ಹೆಸರಿಗೆ ರಾತ್ರಿಯ ಬಟ್ಟೆ, ಬೆಳಗ್ಗೆ ರಂಗೋಲಿ ಹಾಕುವಾಗಿನಿಂದ ಮೈಮೇಲಿರುತ್ತದೆ. ತಳ್ಳುಗಾಡಿಯ ಸೊಪ್ಪಿನವರು ಕೂಗಿದರೆ ಮೇಲೊಂದು ವೇಲ್ ಎಳೆದುಕೊಂಡು ರಸ್ತೆಗಿಳಿಯುತ್ತೇವೆ. ಆ ವೇಲೇ ನಮ್ಮ ಪಾಸ್‌ಪೋರ್ಟು, ಆದರೆ ಅದು ನಡೆಯುವುದು ಸೊಪ್ಪಿನ ಗಾಡಿಯವರೆಗೆ, ಹೆಚ್ಚೆಂದರೆ ಮೂಲೆಯ ಅಂಗಡಿಯವರೆಗೆ. ಅಮ್ಮನಿಗೆ ಅಷ್ಟೂ ಒಗ್ಗದು. ಸಂಜೆ ಪಾರ್ಕಿನ ಬೆಂಚು ನಿಂತಿತು, ಶುಕ್ರವಾರದ ಬನಶಂಕರಿ ದೇವಸ್ಥಾನ ನಿಂತಿತು. ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ಹೋಗುವ ಗೆಳತಿಯರು ಮೊದಮೊದಲು ಗೇಟಿನ ಬಳಿ ನಿಂತು ಕರೆದರು, ಆಮೇಲೆ ಹಾಗೇ ಮುಂದೆ ಹೋದರು. ನಾಲ್ಕು ತಿಂಗಳು ಅವಳು ವರಾಂಡದಲ್ಲಿ ಕೂತು ರಸ್ತೆ ನೋಡಿದಳು. ದಯಾನಂದ ಸಾಗರ ಕಾಲೇಜಿನ ಹುಡುಗ ಹುಡುಗಿಯರು ಅರ್ಧ ಚಡ್ಡಿ, ಎಲೆ ಹೂವಿನ ಸಡಿಲ ಶರಟು ಹಾಕಿಕೊಂಡು ಏರು ಹತ್ತುತ್ತಿದ್ದರು.

ಒಳಗಿನ ಬಟ್ಟೆಗೂ ಹೊರಗಿನ ಬಟ್ಟೆಗೂ ನಡುವಿನ ಗೆರೆ ಎಲ್ಲಿದೆ ಎಂದು ನಾನು ಯೋಚಿಸತೊಡಗಿದ್ದು ಆಗ. ಈಗ ನಾವು ಹೊರಗಿನ ಬಟ್ಟೆ ಎನ್ನುವ ಸೀರೆ ರವಿಕೆಯ ಜೋಡಿಯೂ ಒಂದು ಕಾಲದಲ್ಲಿ ಇದೇ ತೊಡಕಿಗೆ ಕಂಡುಕೊಂಡ ಉಪಾಯವೇ. ಬಂಗಾಳದ ಮೇಲ್ಮನೆತನಗಳ ಹೆಂಗಸರು ಒಳಗೆ ಉಡುತ್ತಿದ್ದುದು ಒಂದೇ ಸೀರೆ. ಅದು ಹೊರಗಿನ ಸಭೆಗೆ ಸಲ್ಲದೆಂಬ ಮಾತಿತ್ತು. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಗಂಡನ ಜೊತೆ ಮುಂಬಯಿಗೆ ಹೋದಾಗ ಪಾರ್ಸಿ ಹೆಂಗಸರು ಉಡುವ ರೀತಿ ನೋಡಿ, ಒಳಲಂಗ, ರವಿಕೆ ಸೇರಿಸಿ ತಮ್ಮದೇ ಒಂದು ಉಡುಗೆ ರೂಪಿಸಿಕೊಂಡರು. ಮನೆಯಾಚೆ ಹೋಗಬೇಕೆಂದರೆ ಮೊದಲು ಬಟ್ಟೆ ಹೊಲಿಯಬೇಕು ಎನ್ನುವುದು ಹೊಸ ಕಥೆಯೇನಲ್ಲ.

ಅಮ್ಮನಿಗೆ ಬೇಕಿದ್ದದ್ದು ನೈಟಿಯಷ್ಟೇ ಸಡಿಲ, ಆದರೆ ನೋಡಿದವರು ನೈಟಿ ಎನ್ನಬಾರದ ಉಡುಗೆ. ಹುಡುಕುತ್ತಾ ಸಿಕ್ಕಿದ್ದು ಹವಾಯಿಯ ಮೂಮೂ. 1820ರಲ್ಲಿ ಅಮೆರಿಕದ ಮಿಷನರಿಗಳು ಹವಾಯಿ ದ್ವೀಪಗಳಿಗೆ ಬಂದಾಗ ಅಲ್ಲಿನ ರಾಜಮನೆತನದ ಹೆಂಗಸರು ಅವರಂತೆಯೇ ತಮಗೂ ಗೌನು ಬೇಕೆಂದರು. ತುಂಬಿದ ಮೈ, ಬಿಸಿಲಿನ ನಾಡು. ಸೊಂಟ ಬಿಗಿಯುವ ಗೌನು ಆಗಿಬರುವ ಹಾಗಿರಲಿಲ್ಲ. ಎದೆಯ ಮೇಲೆ ಯೋಕು, ಅದರಿಂದ ಕೆಳಕ್ಕೆ ನೆರಿಗೆ ಬಿಟ್ಟ ನೀಳ ಉಡುಗೆ ಹೊಲಿದರು. ಅದು ಹೋಲೋಕು. ಅದರೊಳಗೆ ತೊಡುತ್ತಿದ್ದ ಸರಳವಾದ ಒಳ ಅಂಗಿ ಮೂಮೂ. ಕಾಲ ಕಳೆದಂತೆ ಒಳಗಿನದೇ ಹೊರಗೆ ಬಂತು. ಮುಂದೆ ಅದಕ್ಕೂ ದಾಸವಾಳ, ತೆಂಗಿನ ಗರಿಗಳ ಪ್ರಿಂಟು ಬಂತು, ಇಪ್ಪತ್ತನೆಯ ಶತಮಾನದ ನಡುವಿಗೆ ಪ್ರವಾಸಿಗರೂ ಕೊಂಡುಕೊಳ್ಳುವ ಉಡುಪಾಯಿತು. 1930ರ ದಶಕದಲ್ಲಿ ಹೊನೊಲುಲುವಿನಲ್ಲಿ ಜಪಾನಿನ ಕಿಮೋನೋ ಬಟ್ಟೆಗಳಿಂದ ಹುಟ್ಟಿದ ಅಲೋಹಾ ಶರಟು ಇದರ ತಮ್ಮನಿದ್ದ ಹಾಗೆ. ನಮ್ಮ ಗೇಟಿನ ಮುಂದೆ ಏರು ಹತ್ತುವ ಹುಡುಗರ ಮೈಮೇಲಿರುವುದು ಅದರ ಮೊಮ್ಮಕ್ಕಳು.

ಒಳ ಅಂಗಿ ಹೊರಗೆ ಬಂದ ಆ ಕಥೆಯೇ ನನಗೆ ಧೈರ್ಯ ಕೊಟ್ಟಿತು. ಉಷ್ಣವಲಯದ ಪ್ರಿಂಟು ಎಂದು ಪ್ಯಾಶನ್ನಿನವರು ಕರೆಯುವುದು ಚಳಿದೇಶದವರು ಕಂಡ ನಮ್ಮ ಹಿತ್ತಲು. 1942ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 'ಮಾರ್ಟಿನಿಕ್' ಎಂಬ ಬಾಳೆ ಎಲೆಯ ವಾಲ್‌ಪೇಪರು ಬೆವರ್ಲಿ ಹಿಲ್ಸ್ ಹೋಟೆಲಿನ ಗೋಡೆ ಏರಿ ಜಗತ್ಪ್ರಸಿದ್ಧವಾಯಿತು. ನಮಗೆ ಬಾಳೆ ಎಲೆ ಎಂದರೆ ತುದಿ ಎಡಕ್ಕೆ ಬರುವಂತೆ ಹಾಸಿ ಉಪ್ಪು, ಉಪ್ಪಿನಕಾಯಿ ಬಡಿಸುವ ಜಾಗ. 24 ವರ್ಷದ ಟೈಪಿಸ್ಟ್ ಹುಡುಗಿಗೆ 1976ರಲ್ಲಿ ಅದು ಏನಾಗಿ ಕಂಡಿತ್ತೋ.

ಬಟ್ಟೆ ಅವಳದು, ಅವಳನ್ನು ಕೇಳದೆ ಕತ್ತರಿ ಹಾಕುವಂತಿರಲಿಲ್ಲ. ಟ್ರಂಕಿನಿಂದ ತೆಗೆದು ಅವಳ ಮಡಿಲಲ್ಲಿಟ್ಟೆ. ಎಡಗೈಯಲ್ಲಿ ಸವರಿ, "ಇನ್ನೂ ತಡೆಯುತ್ತಾ ನೋಡು ಮೊದಲು" ಎಂದಳು. ಬೇಡ ಎನ್ನಲಿಲ್ಲ. ಹಳೆಯ ಬಟ್ಟೆ ಸಾಯುವುದು ಮಡಿಕೆಗಳಲ್ಲಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿದ್ದರೆ ನೂಲು ಅಲ್ಲೇ ಸವೆದಿರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದೆವು, ಒಂದೊಂದು ಮಡಿಕೆಯನ್ನೂ ಅಡ್ಡಕ್ಕೆ, ಉದ್ದಕ್ಕೆ ಎಳೆದು ನೋಡಿದೆವು. ಒದ್ದೆ ಮಾಡಿದ ಬಿಳಿ ಕರವಸ್ತ್ರವನ್ನು ದಾಸವಾಳದ ಮೇಲೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಿದೆವು. ಬಿಡಲಿಲ್ಲ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದಾಗ ಗಂಜಿ ಹೋಗಿ ಮೆತ್ತಗಾಯಿತು. ಮಡಿಕೆಯ ಜಾಗದಲ್ಲಿ ಹಳದಿ ಗೆರೆಗಳು ಉಳಿದವು.

ಇನ್ನೊಂದು ತೊಡಕು ಪನ್ನ. ಈಗಿನ ಬಟ್ಟೆಯ ಪನ್ನ 44 ಇಂಚು, ಕೆಲವಕ್ಕೆ 58. ಇದರದು 36. ಎಲೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದರಿಂದ ಬಟ್ಟೆಯನ್ನು ತಿರುಗಿಸಿ ಉಳಿಸುವ ಹಾಗೂ ಇಲ್ಲ. ಯೋಕಿನ ಕೆಳಗೆ ಮುಂಭಾಗಕ್ಕೊಂದು ಪೂರ್ತಿ ಪನ್ನ, ಬೆನ್ನಿಗೊಂದು ಎಂದಿಟ್ಟುಕೊಂಡೆ. ಅದಕ್ಕೇ ಎರಡೂವರೆ ಮೀಟರು ಹೋಯಿತು. ಮಿಕ್ಕದ್ದರಲ್ಲಿ ಯೋಕು, ತೋಳು, ಮುಂದಿನ ಪಟ್ಟಿ. ಹಳದಿ ಗೆರೆಗಳು ಯೋಕಿನಲ್ಲಿ ಬಾರದಂತೆ, ನೆರಿಗೆಯ ಒಳಗೆ ಮುಚ್ಚಿಹೋಗುವಂತೆ ಚಾಕಿನಲ್ಲಿ ಗುರುತು ಹಾಕಿದೆ. ಐದು ಮೀಟರಿಗೆ ಆರನೆಯದನ್ನು ಸೇರಿಸಲು ಯಾವ ಅಂಗಡಿಯಲ್ಲೂ ಈ ಬಟ್ಟೆ ಸಿಗುವುದಿಲ್ಲ ಎಂಬುದು ಕತ್ತರಿಯ ಪ್ರತಿ ಕಚ್ಚಿಗೂ ನೆನಪಾಗುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು, "ಕತ್ತರಿ ಎತ್ತಬೇಡ, ನೆಲಕ್ಕೆ ತಾಗಿಸಿಯೇ ನಡೆಸು" ಎನ್ನುತ್ತಿದ್ದಳು. ನನಗೆ ಹೊಲಿಗೆ ಕಲಿಸಿದಾಗಲೂ ಅವಳ ಮೊದಲ ಪಾಠ ಇದೇ.

ಫಿಸಿಯೋಥೆರಪಿಯವರು ಒಂದು ಸೂತ್ರ ಹೇಳಿಕೊಟ್ಟಿದ್ದರು: ಹಾಕಿಕೊಳ್ಳುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಇಡೀ ಉಡುಗೆಯ ಕಟ್ಟಿಂಗು ಈ ಒಂದು ಮಾತಿನ ಮೇಲೆ ನಿಂತಿತು. ತಲೆಯಿಂದ ಇಳಿಸುವ ಬಟ್ಟೆ ಆಗದು. ಹಾಗಾಗಿ ಕೋಟಿನಂತೆ ಕುತ್ತಿಗೆಯಿಂದ ಅಂಚಿನವರೆಗೂ ಮುಂದೆ ತೆರೆಯಬೇಕು. ಕಂಕುಳು ಆಳವಾಗಿರಬೇಕು. ತೋಳಿನ ಸುತ್ತಳತೆ 18 ಇಂಚು ಇಟ್ಟೆ. ಗುಂಡಿ ಕಾಜಾ ಒಂದೇ ಕೈಯಲ್ಲಿ ಕೂಡದು. ವೆಲ್ಕ್ರೋ ತೋರಿಸಿದರೆ ಅಮ್ಮ, "ಪರ್ ಅಂತ ಸದ್ದು ಮಾಡುತ್ತೆ, ದೇವಸ್ಥಾನದಲ್ಲಿ ಎಲ್ಲಾ ತಿರುಗಿ ನೋಡ್ತಾರೆ" ಎಂದಳು. ದೇವಸ್ಥಾನ ಎಂಬ ಮಾತು ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಬಾಯಿಂದ ಬಂತು. ನಾನು ಕೇಳಿಸದವಳಂತೆ ಟೇಪು ಸುತ್ತಿದೆ.

ಯಲಚೇನಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಬದಲಿಸದೆಯೇ ಚಿಕ್ಕಪೇಟೆಯಲ್ಲಿ ಇಳಿಯಬಹುದು. ದೊಡ್ಡ ಗಾತ್ರದ ಟಿಚ್ ಬಟನ್, ಗಟ್ಟಿ ದಾರ, ಕ್ಯಾನ್ವಾಸ್, ಒಂದು ಡಜನ್ ತೆಂಗಿನ ಚಿಪ್ಪಿನ ಗುಂಡಿ ತಂದೆ. ಅಲೋಹಾ ಶರಟುಗಳಿಗೂ ಚಿಪ್ಪಿನ ಗುಂಡಿಯೇ ಹೆಸರುವಾಸಿ. ಒಳಗೆ ಟಿಚ್ ಬಟನ್, ಅದರ ನೇರ ಮೇಲೆ ಶೋಭೆಗೆ ಚಿಪ್ಪಿನ ಗುಂಡಿ. ಹೆಬ್ಬೆರಳಿಂದ ಎದೆಗೊತ್ತಿದರೆ ಸಾಕು, ಕೂಡಿಕೊಳ್ಳುತ್ತದೆ. ನೋಡುವವರಿಗೆ ಅದು ಗುಂಡಿ ಹಾಕಿದ ಉಡುಗೆ.

ಹೊಲಿದದ್ದು ಅಮ್ಮನ ಕಾಲು ಮೆಷಿನ್ನಿನಲ್ಲೇ. ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ, ಹೊಸ ಸೂಜಿ ಹಾಕಿದೆ. ಮೂರು ಸಂಜೆ ಹಿಡಿಯಿತು. ಎರಡನೆಯ ಸಂಜೆ ಅಮ್ಮ, "ಜೇಬು ಎಲ್ಲಿ?" ಎಂದಳು. ಸೀರೆಯಲ್ಲಿ ಅವಳಿಗೆ ಸೊಂಟವಿತ್ತು, ಸೆರಗಿನ ಗಂಟಿತ್ತು. ಈಗ ಮನೆಯ ಕೀಲಿ, ಕರವಸ್ತ್ರ, ಮೊಬೈಲು ಎಲ್ಲಿಡುವುದು? ಎಡಗೈಗೆ ಸಿಗುವಂತೆ ಎಡಪಕ್ಕಕ್ಕೆ ಒಂದು ಆಳದ ಜೇಬು ಹೊಲಿದೆ. ಎಲೆಯ ಗೆರೆಗೆ ಎಲೆ ಕೂಡಿಸಿದ್ದರಿಂದ ಜೇಬು ಇರುವುದೇ ಕಾಣದು. ಕೊರಳಿಗೆ ಚಿಕ್ಕದೊಂದು ಕಾಲರ್ ಇಟ್ಟೆ. ಲೆಕ್ಕ ಹಾಕಿದರೆ ನೈಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದು ಕಾಲರ್, ಒಂದು ಗುಂಡಿಪಟ್ಟಿ, ಕ್ಯಾನ್ವಾಸ್ ಕೊಟ್ಟ ನೆಟ್ಟಗಿನ ಯೋಕು, ಒಂದು ಜೇಬು. ಮುಕ್ಕಾಲು ಮೀಟರ್ ಬಟ್ಟೆಯ ಕೆಲಸ. ಅಂದರೆ, ಒಂದು ರವಿಕೆ ಕಣದಷ್ಟು.

ತೊಡುವಾಗ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು. ಬಹಳ ಹೊತ್ತಾಯಿತು. ಬಾಗಿಲಾಚೆ ಟಿಚ್ ಬಟನ್ನುಗಳ ಸದ್ದು ಒಂದೊಂದಾಗಿ ಕೇಳುತ್ತಿತ್ತು, ನಡುವೆ ನಿಲ್ಲುತ್ತಿತ್ತು. ಒಳಗೆ ಹೋಗಬೇಕೆನಿಸಿದರೂ ಹೋಗಲಿಲ್ಲ. ಹೊರಗೆ ಬಂದವಳು ಕನ್ನಡಿಗೆ ಬೆನ್ನು ತಿರುಗಿಸಿ ನಿಂತು, "ಬೆನ್ನ ಮೇಲೂ ಇಷ್ಟು ದಾಸವಾಳ! ಗಣಪತಿಗೆ ಏರಿಸಬಹುದಿತ್ತು" ಎಂದಳು. ಅಂಚು ಎರಡು ಇಂಚು ಮೇಲೆ ಬರಲಿ, ಏರಿನಲ್ಲಿ ಕಾಲಿಗೆ ತೊಡರುತ್ತೆ ಎಂದಳು. ಹೊರಗೆ ಹೋಗುವ ವಿಚಾರವನ್ನು ನಾವಿಬ್ಬರೂ ಎತ್ತಲಿಲ್ಲ. ಆದರೆ ಏರು ಇರುವುದು ಗೇಟಿನಾಚೆಗೆ.

ಮೂರು ದಿನ ಬಿಟ್ಟು ಸಂಜೆ ಪಾರ್ಕಿಗೆ ಹೊರಟಳು, ನಾನು ಜೊತೆಗೆ. ಮೂಲೆಯವರೆಗೆ ವೇಲ್ ಹೊದ್ದಿದ್ದಳು. ಬೆಂಚು ತಲುಪುವ ಹೊತ್ತಿಗೆ ಅದು ನನ್ನ ಕೈಗೆ ಬಂದಿತ್ತು. ಗೆಳತಿಯರು ಕೈ ಹೇಗಿದೆ ಎಂದು ಕೇಳಿದರು, ಆಮೇಲೆ ಬಟ್ಟೆಯನ್ನು ಮುಟ್ಟಿ ನೋಡಿದರು. ಒಬ್ಬರು, ಇಂಥದ್ದು ಈಗ ಎಲ್ಲಿ ಸಿಗುತ್ತೆ, ಎಷ್ಟಾಯ್ತು ಎಂದರು. ಅಮ್ಮ ಜೇಬಿನೊಳಗೆ ಎಡಗೈ ಇಟ್ಟುಕೊಂಡೇ ಹೇಳಿದಳು: "ಹೊಲಿಗೆ ಮಗಳದು. ಬಟ್ಟೆ ನಂದೇ, ಮದುವೆಗೆ ಮುಂಚೆ ತಗೊಂಡಿದ್ದು."